ಮನೆಯ ರೂಟರ್‌ನಲ್ಲಿ ಪೋರ್ಟ್ ತೆರೆಯುವುದು ಹೇಗೆ?

ಮಕ್ಕಳು ಮನೆಯ ಕಂಪ್ಯೂಟರ್‌ನಲ್ಲಿ ಮೈನ್‌ಕ್ರಾಫ್ಟ್ ಜಾವಾ ಸರ್ವರ್ ಹಾಕಿಕೊಂಡಿದ್ದಾರೆ. ಗೆಳೆಯರೂ ಅವರವರ ಮನೆಯಿಂದಲೇ ಆಟಕ್ಕೆ ಸೇರಬೇಕಂತೆ. ಅದಕ್ಕೆ ಬೇಕಾದದ್ದು ಪೋರ್ಟ್ ಫಾರ್ವರ್ಡಿಂಗ್. ಹೊರಗಿನಿಂದ ಇಂಥ ನಂಬರಿಗೆ (ಅದೇ ಪೋರ್ಟ್) ಬಂದದ್ದನ್ನು ಮನೆಯ ಇಂಥ ಕಂಪ್ಯೂಟರ್‌ಗೆ ಕೊಡು ಎಂದು ರೂಟರ್‌ಗೆ ಹೇಳಿಡುವುದು, ಅಷ್ಟೇ.

ಕೆಲಸ ಶುರು ಮಾಡುವ ಮುಂಚೆ ಒಂದು ವಿಷಯ ನೋಡಿಕೊಳ್ಳಿ. ಎಷ್ಟೋ ಜನ ಇದನ್ನು ಬಿಟ್ಟು ಸುಮ್ನೆ ಗಂಟೆಗಟ್ಟಲೆ ಒದ್ದಾಡುತ್ತಾರೆ. ಬ್ರೌಸರ್‌ನಲ್ಲಿ ರೂಟರ್ ವಿಳಾಸ ಹಾಕಿ ಲಾಗಿನ್ ಆಗಿ. ಸಾಮಾನ್ಯವಾಗಿ ಅದು 192.168.1.1 ಅಥವಾ 192.168.0.1, ರೂಟರ್ ಕೆಳಗಿನ ಸ್ಟಿಕ್ಕರ್‌ನಲ್ಲಿ ಇರುತ್ತದೆ. ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ, ಅಂದರೆ ಇಂಟರ್‌ನೆಟ್ ಕಡೆಯಿಂದ ರೂಟರ್‌ಗೆ ಸಿಕ್ಕ ವಿಳಾಸ, ಎಷ್ಟಿದೆ ನೋಡಿ. ಆಮೇಲೆ ಅದೇ ವೈಫೈನಿಂದ ನಿಮ್ಮ ಐಪಿ ಯಾವುದೆಂದು ಗೂಗಲ್‌ನಲ್ಲಿ ಹುಡುಕಿ. ಎರಡೂ ಒಂದೇ ಆದರೆ ಮುಂದುವರಿಯಿರಿ. ವ್ಯಾನ್ ಐಪಿ 100.64ರಿಂದ 100.127ರೊಳಗೆ ಶುರುವಾಗಿದ್ದರೆ ನೀವು ಸಿಜಿನ್ಯಾಟ್ ಹಿಂದಿದ್ದೀರಿ. ಅಂದರೆ ಒಂದೇ ಹೊರಗಿನ ಐಪಿಯನ್ನು ಹಲವು ಮನೆಗಳಿಗೆ ಹಂಚಿದ್ದಾರೆ. ಆಗ ರೂಟರ್‌ನಲ್ಲಿ ಏನೇ ಮಾಡಿದರೂ ಪೋರ್ಟ್ ತೆರೆಯುವುದಿಲ್ಲ. ಇಂಟರ್‌ನೆಟ್ ಕಂಪನಿಯವರ ಹತ್ತಿರ ಪಬ್ಲಿಕ್ ಐಪಿ ಕೇಳಬೇಕು. ಅದಕ್ಕೆ ಬೇರೆ ದುಡ್ಡು ಕೊಡಬೇಕಾಗಬಹುದು.

ಲಾಗಿನ್ ಆಗಿದ್ದೀರಲ್ವಾ, ಅಡ್ಮಿನ್ ಪಾಸ್‌ವರ್ಡ್ ಈಗಲೇ ಬದಲಿಸಿ. ಯುಪಿಎನ್‌ಪಿ ಆಫ್ ಮಾಡಿ. ಅದು ಆನ್ ಇದ್ದರೆ ಮನೆಯ ಯಾವ ಸಾಧನ ಬೇಕಾದರೂ ನಿಮ್ಮನ್ನು ಕೇಳದೆ ಪೋರ್ಟ್ ತೆರೆಯಬಹುದು.

ಈಗ ಡಿಎಚ್‌ಸಿಪಿ (ಮನೆಯ ಸಾಧನಗಳಿಗೆ ರೂಟರ್ ತಾನೇ ಐಪಿ ಹಂಚುವ ವ್ಯವಸ್ಥೆ) ಸೆಟ್ಟಿಂಗ್‌ನಲ್ಲಿ ಅಡ್ರೆಸ್ ರಿಸರ್ವೇಶನ್ ತೆರೆದು ಸರ್ವರ್ ಕಂಪ್ಯೂಟರ್‌ಗೆ ಒಂದು ಐಪಿ ಕಾಯಂ ಮಾಡಿ, 192.168.1.50 ಅಂತಿಟ್ಟುಕೊಳ್ಳಿ. ಪೋರ್ಟ್ ಫಾರ್ವರ್ಡಿಂಗ್ ಪುಟಕ್ಕೆ ಹೋಗಿ (ಕೆಲವು ರೂಟರ್‌ಗಳಲ್ಲಿ ಇದರ ಹೆಸರು ವರ್ಚುವಲ್ ಸರ್ವರ್) ಹೀಗೆ ತುಂಬಿ: ಹೊರಗಿನ ಪೋರ್ಟ್ 25565, ಒಳಗಿನದೂ 25565, ಪ್ರೋಟೋಕಾಲ್ ಟಿಸಿಪಿ, ಐಪಿ 192.168.1.50. ಡಿಎಂಝಡ್ (ಎಲ್ಲ ಪೋರ್ಟ್‌ಗಳನ್ನೂ ಒಂದೇ ಕಂಪ್ಯೂಟರ್‌ಗೆ ತೆರೆದಿಡುವ ಸೆಟ್ಟಿಂಗ್) ಆನ್ ಮಾಡಿದರೆ ಸಲೀಸು ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಒಂದು ಬಾಗಿಲು ಬೇಕಾದಾಗ ಗೋಡೆಯನ್ನೇ ಕೆಡವಿದ ಹಾಗೆ ಅದು.

ರೂಟರ್ ಕೆಲಸ ಮುಗಿಯಿತು, ಆದರೆ ಸರ್ವರ್‌ನದು ಬಾಕಿಯಿದೆ. ವೈಟ್‌ಲಿಸ್ಟ್ ಆನ್ ಮಾಡಿ, ಗೆಳೆಯರ ಹೆಸರನ್ನು ಮಾತ್ರ ಸೇರಿಸಿ. ಹಳೇ ಆವೃತ್ತಿ ಬೇಡವೇ ಬೇಡ. 2021ರ ಡಿಸೆಂಬರ್‌ನಲ್ಲಿ ಬಯಲಾದ ಲಾಗ್4ಶೆಲ್ ದೋಷದಲ್ಲಿ, ಆಟದ ಚಾಟ್‌ನಲ್ಲಿ ಒಂದು ಸಾಲು ಟೈಪ್ ಮಾಡಿಯೇ ಸರ್ವರ್ ವಶಪಡಿಸಿಕೊಳ್ಳಬಹುದಿತ್ತು. ಅದನ್ನು ಮೈನ್‌ಕ್ರಾಫ್ಟ್ 1.18.1ರಲ್ಲಿ ಸರಿಪಡಿಸಿದರು.

ಪರೀಕ್ಷೆಗೆ ಮನೆಯ ವೈಫೈ ಬೇಡ, ಹೊರಗಿರುವ ಗೆಳೆಯನಿಗೇ ನಿಮ್ಮ ವ್ಯಾನ್ ಐಪಿ ಕೊಟ್ಟು ಸೇರಲು ಹೇಳಿ. ಆಗದಿದ್ದರೆ ಸರ್ವರ್ ಓಡುತ್ತಿದೆಯಾ, ವಿಂಡೋಸ್ ಫೈರ್‌ವಾಲ್ ತಡೆಯುತ್ತಿದೆಯಾ ನೋಡಿ.

ಇದೇ ರೀತಿ ಸಿಸಿಟಿವಿಗೋ ದೂರದಿಂದ ಕಂಪ್ಯೂಟರ್ ನಡೆಸುವ ರಿಮೋಟ್ ಡೆಸ್ಕ್‌ಟಾಪ್‌ನ 3389ಕ್ಕೋ ಪೋರ್ಟ್ ತೆರೆಯಲು ಹೋಗಬೇಡಿ. ಅವಕ್ಕೆ ವೈರ್‌ಗಾರ್ಡ್‌ನಂಥ ವಿಪಿಎನ್ (ಹೊರಗಿನಿಂದ ಮನೆಯ ನೆಟ್‌ವರ್ಕ್‌ಗೆ ಸುರಕ್ಷಿತವಾಗಿ ಸೇರುವ ದಾರಿ) ಬಳಸಿ. ಆಟಕ್ಕೆಂದು ಹಾಕಿದ ರೂಲನ್ನೂ ಮಕ್ಕಳ ರಜೆ ಮುಗಿದ ಮೇಲೆ ಅಳಿಸಿಬಿಡಿ.