ಲೋಗೋಫೇಲ್ ದೋಷದಿಂದ ನಿಮ್ಮ ಯಂತ್ರಕ್ಕಿರುವ ಅಪಾಯವನ್ನು ಅಳೆಯುವುದು ಹೇಗೆ?

2023ರ ಡಿಸೆಂಬರ್‌ನಲ್ಲಿ ಬಹಿರಂಗವಾದ ಲೋಗೋಫೇಲ್ ದೋಷಗಳಲ್ಲಿ, ಕಂಪ್ಯೂಟರ್ ಆನ್ ಆದೊಡನೆ ಮೂಡುವ ಲೋಗೋ ಚಿತ್ರವನ್ನು ಓದುವ ಯುಇಎಫ್‌ಐ (ಆಪರೇಟಿಂಗ್ ಸಿಸ್ಟಮ್‌ಗೂ ಮೊದಲು ಓಡುವ ಫರ್ಮ್‌ವೇರ್) ಕೋಡ್, ಕಡತದೊಳಗೆ ನಮೂದಾಗಿರುವ ಅಳತೆಗಳನ್ನು ಪರೀಕ್ಷಿಸದೆ ನಂಬಿ, ಮೀಸಲಿಟ್ಟ ಮೆಮೊರಿಯ ಗಡಿ ದಾಟಿ ಬರೆಯಬಲ್ಲದು; ಹೀಗೆ ಕುತಂತ್ರದ ಚಿತ್ರವೊಂದರಿಂದ ದಾಳಿಕೋರರು ತಮ್ಮ ಕೋಡ್ ಓಡಿಸಬಹುದು.

ಆದ್ದರಿಂದ ಆ ಚಿತ್ರವನ್ನು ಯಾರು ಬದಲಿಸಬಲ್ಲರು ಎಂಬುದನ್ನೇ ಮೊದಲು ನೋಡಿ. ಲೋಗೋವನ್ನು ಡಿಸ್ಕಿನ ಇಎಸ್‌ಪಿ ವಿಭಾಗದಿಂದ (ಬೂಟ್ ಕಡತಗಳಿರುವ ಭಾಗ) ಓದುವ ಯಂತ್ರದಲ್ಲಿ ಚಿತ್ರ ಬದಲಿಸಲು ದಾಳಿಕೋರರಿಗೆ ಅಡ್ಮಿನ್ ಅಧಿಕಾರ ಸಿಕ್ಕರೆ ಸಾಕು. ಲೋಗೋ ಇಂಟೆಲ್ ಬೂಟ್ ಗಾರ್ಡ್‌ನ (ಫರ್ಮ್‌ವೇರ್ ಬದಲಾಗಿಲ್ಲವೆಂದು ಹಾರ್ಡ್‌ವೇರ್ ಮಟ್ಟದಲ್ಲೇ ಪರೀಕ್ಷಿಸುವ ವ್ಯವಸ್ಥೆ) ರಕ್ಷಣೆಯಲ್ಲಿದ್ದು ಬೇರೆಡೆಯಿಂದ ಓದುವ ದಾರಿಯೇ ಇಲ್ಲದಿದ್ದರೆ ಅಪಾಯ ಬಹಳ ಕಡಿಮೆ. ಬೂಟ್ ಆಗುವ ತಂತ್ರಾಂಶದ ಸಹಿಯನ್ನು ತಪಾಸಿಸುವ ಸೆಕ್ಯೂರ್ ಬೂಟ್ ಇದೆಯೆಂದು ದಯವಿಟ್ಟು ನಿಶ್ಚಿಂತರಾಗಬೇಡಿ: ಚಿತ್ರ ಕಡತಕ್ಕೆ ಅದರ ಸಹಿ ತಪಾಸಣೆಯೇ ಇಲ್ಲ.

ಬಳಿಕ ಬಯೋಸ್ (ಅಂದರೆ ಈ ಯುಇಎಫ್‌ಐ ಫರ್ಮ್‌ವೇರ್) ಆವೃತ್ತಿಯನ್ನು ತಯಾರಕರ ಭದ್ರತಾ ಪ್ರಕಟಣೆಯೊಂದಿಗೆ ಹೋಲಿಸಿ. ದಿನಾಂಕ ಹೊಸದಾಗಿದ್ದರೆ ಸಾಲದು, ದೋಷದ ಸಿವಿಇ ಸಂಖ್ಯೆಯೂ (ಭದ್ರತಾ ದೋಷಗಳಿಗೆ ಕೊಡುವ ಗುರುತು ಸಂಖ್ಯೆ) ಅಲ್ಲಿ ನಮೂದಾಗಿರಬೇಕು.