ಎಡಗೈಗೆ ಸಿಕ್ಕ ಹೊಸ ತಿದಿ: ಮಿಡಿ ಕೀಬೋರ್ಡಿನೊಂದಿಗೆ ನನ್ನ ಅನುಭವ

ಇಪ್ಪತ್ತು ವರ್ಷಗಳಿಗೂ ಮಿಗಿಲಾಗಿ ನಾನು ಧಾರವಾಡದಲ್ಲಿ ವಚನ, ದಾಸರ ಪದ ಮತ್ತು ಭಾವಗೀತೆಗಳನ್ನು ಹಾಡುವವರಿಗೆ ಹಾರ್ಮೋನಿಯಂ ಸಾಥ್ ನೀಡುತ್ತ ಬಂದಿದ್ದೇನೆ. ಮನೆಯಲ್ಲೇ ಧ್ವನಿಮುದ್ರಣ ಆರಂಭಿಸಿದಾಗ, ಪ್ರತಿ ಹಾಡಿಗೂ ಕೊಳಲುವಾದಕರನ್ನು ಕರೆಸುವುದು ಸಾಧ್ಯವಾಗದೆ, 49 ಮನೆಗಳ (ಒತ್ತುವ ಕೀಲಿಗಳ) ಒಂದು ಮಿಡಿ ಕೀಬೋರ್ಡನ್ನು ಕೊಂಡೆ; ಮಿಡಿ ಎಂದರೆ ವಾದ್ಯಗಳೂ ಕಂಪ್ಯೂಟರುಗಳೂ ಸಂದೇಶ ಕಳಿಸಿಕೊಳ್ಳುವ ಒಂದು ಪದ್ಧತಿ. ಈ ಕೀಬೋರ್ಡಿಗೆ ತನ್ನದೇ ದನಿಯಿಲ್ಲ. ಯಾವ ಮನೆ ಒತ್ತಿದೆ, ಎಷ್ಟು ಜೋರಾಗಿ ಒತ್ತಿದೆ, ಯಾವ ಚಕ್ರ ಎಷ್ಟು ತಿರುಗಿದೆ ಎಂಬ ಸಂದೇಶಗಳನ್ನಷ್ಟೇ ಅದು ಕಂಪ್ಯೂಟರಿಗೆ ಕಳಿಸುತ್ತದೆ; ಕೊಳಲಿನ ದನಿ ಹೊರಡುವುದು ಅಲ್ಲಿರುವ ತಂತ್ರಾಂಶದಿಂದ. ಈ ಮಾತು ನನಗೆ ಪೂರ್ತಿ ಮನದಟ್ಟಾಗಲು ಕೆಲವು ತಿಂಗಳುಗಳೇ ಹಿಡಿದವು, ಏಕೆಂದರೆ ಮೊದಮೊದಲು ನಾನು ಅದನ್ನು ತಿದಿಯಿಲ್ಲದ ಹಾರ್ಮೋನಿಯಂ ಎಂದೇ ಭಾವಿಸಿ ನುಡಿಸುತ್ತಿದ್ದೆ.

ತೊಂದರೆ ಆರಂಭವಾದದ್ದೂ ಅಲ್ಲಿಂದಲೇ. ಹಾರ್ಮೋನಿಯಂನಲ್ಲಿ ಬೆರಳು ಎಷ್ಟು ಬಲವಾಗಿ ಬಿದ್ದರೂ ನಾದದ ಏರಿಳಿತ ತಿದಿಯ ಗಾಳಿಯಿಂದಲೇ ಬರುತ್ತದೆ, ಆದ್ದರಿಂದ ನನ್ನ ಬಲಗೈ ಬೆರಳುಗಳಿಗೆ ಬಲವನ್ನು ಅಳೆದು ಒತ್ತುವ ರೂಢಿಯೇ ಇರಲಿಲ್ಲ. ಮಿಡಿಯಲ್ಲಿ ಪ್ರತಿ ಒತ್ತಿಗೂ ಒತ್ತಿನ ಬಲವನ್ನು ಹೇಳುವ, 1ರಿಂದ 127ರವರೆಗಿನ ಒಂದು ವೆಲಾಸಿಟಿ ಅಂಕಿ ಹೋಗುತ್ತದೆ. ನನ್ನ ಮೊದಲ ಮುದ್ರಣವನ್ನು ತೆರೆದು ನೋಡಿದಾಗ ಒಂದೇ ಸಾಲಿನಲ್ಲಿ ಒಂದು ಸ್ವರ 40ಕ್ಕೆ, ಅದರ ಪಕ್ಕದ್ದು 110ಕ್ಕೆ ನಿಂತಿತ್ತು. ಕೊಳಲಿನ ತಂತ್ರಾಂಶದಲ್ಲಿ ಮೆಲ್ಲಗೆ ಊದಿದ ದನಿಗೂ ಜೋರಾಗಿ ಊದಿದ ದನಿಗೂ ಬೇರೆ ಬೇರೆ ಮುದ್ರಣಗಳಿದ್ದುದರಿಂದ, ಸ್ವರದಿಂದ ಸ್ವರಕ್ಕೆ ಕೊಳಲೇ ಬದಲಾದಂತೆ ಕೇಳಿಸುತ್ತಿತ್ತು. ಎಷ್ಟು ಬಲಕ್ಕೆ ಎಷ್ಟು ಅಂಕಿ ಎಂದು ಹೇಳುವ ವೆಲಾಸಿಟಿ ಕರ್ವ್ ಬದಲಿಸಿ ನೋಡಿದೆ, ಸ್ವಲ್ಪ ಸುಧಾರಿಸಿತು. ಕೊನೆಗೆ ಕೊಳಲಿನ ಮಟ್ಟಿಗೆ ವೆಲಾಸಿಟಿಯನ್ನು 90ಕ್ಕೆ ಸ್ಥಿರಗೊಳಿಸಿ, ಏರಿಳಿತದ ಕೆಲಸವನ್ನು ಪೂರ್ತಿಯಾಗಿ ಎಡಗೈಗೆ ಒಪ್ಪಿಸಿದೆ. ಈ ಒಂದು ನಿರ್ಧಾರದಿಂದ ನನ್ನ ಕೊಳಲಿಗೆ ಉಸಿರು ಬಂತು.

ಕೀಬೋರ್ಡಿನ ಎಡತುದಿಯಲ್ಲಿ ಅಕ್ಕಪಕ್ಕ ಎರಡು ಚಕ್ರಗಳಿರುತ್ತವೆ. ಸ್ವರವನ್ನು ಮೇಲೆ ಕೆಳಗೆ ಬಾಗಿಸುವ ಪಿಚ್ ವೀಲ್ ಸ್ಪ್ರಿಂಗಿನದು, ಬಿಟ್ಟೊಡನೆ ನಡುವಿಗೆ ಮರಳುತ್ತದೆ. ಮಾಡ್ಯುಲೇಷನ್ ವೀಲ್ ಬಿಟ್ಟಲ್ಲೇ ನಿಲ್ಲುತ್ತದೆ. ಈ ಎರಡನೆಯದು ಸಾಮಾನ್ಯವಾಗಿ ಕಂಟ್ರೋಲ್ ಸಂಖ್ಯೆ (ದನಿಯ ಯಾವ ಗುಣ ಬದಲಾಗಬೇಕೆಂದು ಸೂಚಿಸುವ ಸಂಖ್ಯೆ) 1ನ್ನು ಕಳಿಸುತ್ತದೆ. ನಾನು ಕೀಬೋರ್ಡಿನ ಸೆಟ್ಟಿಂಗಿಗೆ ಹೋಗಿ ಅದು 11ನ್ನು, ಅಂದರೆ ಎಕ್ಸ್‌ಪ್ರೆಷನ್ ಅನ್ನು, ಕಳಿಸುವಂತೆ ಮಾಡಿದೆ. ದನಿಯ ಪ್ರಮಾಣಕ್ಕೆ 7 ಎಂಬ ಸಂಖ್ಯೆಯೂ ಇದೆ, ಆದರೆ ಅದು ಒಟ್ಟು ಮಿಶ್ರಣದಲ್ಲಿ ಕೊಳಲು ಎಷ್ಟಿರಬೇಕೆಂಬುದನ್ನು ನಿರ್ಧರಿಸುವುದಕ್ಕೆ. ಆ ಮಿತಿಯೊಳಗೆ ಒಂದೊಂದು ಸಾಲು ಹೇಗೆ ಉಬ್ಬಿ ಇಳಿಯಬೇಕೆಂಬುದು 11ರ ಕೆಲಸ. ಹೀಗಾಗಿ ನುಡಿಸುವಾಗ 7ನ್ನು ಮುಟ್ಟುವುದೇ ಇಲ್ಲ. ಸಾಲಿನ ಆರಂಭದಲ್ಲಿ ಚಕ್ರವನ್ನು 50ರ ಆಸುಪಾಸಿನಲ್ಲಿ ಇಟ್ಟು, ದೀರ್ಘ ಸ್ವರ ಅರಳುವಾಗ 100ರ ತನಕ ಒಯ್ದು, ಉಸಿರು ತೀರುವಲ್ಲಿ ಪೂರ್ತಿ ಕೆಳಗಿಳಿಸುತ್ತೇನೆ. ಇಷ್ಟು ವರ್ಷ ತಿದಿ ಒತ್ತಿದ ಕೈಗೆ ಇದನ್ನು ಯಾರೂ ಕಲಿಸಬೇಕಾಗಲಿಲ್ಲ.

ಇನ್ನು ಮೀಂಡ್. ಸ್ವರದಿಂದ ಸ್ವರಕ್ಕೆ ಜಾರಲು ಬಾರದಿರುವುದು ಹಾರ್ಮೋನಿಯಂ ಮೇಲಿನ ಹಳೆಯ ಆಕ್ಷೇಪ. 1940ರಲ್ಲಿ ಆಕಾಶವಾಣಿಯು ಆ ವಾದ್ಯವನ್ನು ನಿಷೇಧಿಸಿ ದಶಕಗಳ ಕಾಲ ಹೊರಗಿಟ್ಟದ್ದಕ್ಕೆ ಇದೂ ಒಂದು ಕಾರಣವಾಗಿತ್ತು. ಆದ್ದರಿಂದ ಪಿಚ್ ವೀಲ್ ಮೇಲೆ ಮೊದಲ ಬಾರಿ ಹೆಬ್ಬೆರಳಿಟ್ಟು ಗಾಂಧಾರದಿಂದ ಮೇಲಕ್ಕೆ ಜಾರಿದಾಗ ನನಗಾದ ಸಂತೋಷವನ್ನು ಹಾರ್ಮೋನಿಯಂ ನುಡಿಸುವವರು ಮಾತ್ರ ಬಲ್ಲರು. ಆದರೆ ಆ ಜಾರು ಪಂಚಮವನ್ನು ಮುಟ್ಟಲೇ ಇಲ್ಲ. ಬಹುತೇಕ ತಂತ್ರಾಂಶಗಳಲ್ಲಿ ಚಕ್ರವನ್ನು ತುದಿಯವರೆಗೆ ತಳ್ಳಿದರೆ ಸ್ವರ ಏರುವುದು (ಕಪ್ಪು, ಬಿಳಿ ಎರಡನ್ನೂ ಎಣಿಸಿ) ಎರಡು ಮನೆಗಳಷ್ಟು ಮಾತ್ರ, ಭೂಪ ರಾಗದ ಗ–ಪ ಅಂತರವಾದರೋ ಮೂರು ಮನೆಗಳದ್ದು. ಕೀಬೋರ್ಡಿನಲ್ಲಿ ಇದನ್ನು ಸರಿಪಡಿಸಲು ಬಹಳ ಹುಡುಕಾಡಿದೆ. ಕೀಬೋರ್ಡು ಹೇಳುವುದು ಚಕ್ರ ಎಲ್ಲಿದೆ ಎಂಬುದನ್ನಷ್ಟೇ. ಅದಕ್ಕೆ ಎಷ್ಟು ಸ್ವರ ಬಾಗಬೇಕೆಂದು ತೀರ್ಮಾನಿಸುವುದು ಕೊಳಲಿನ ತಂತ್ರಾಂಶ, ಮತ್ತು ಬೆಂಡ್ ರೇಂಜ್ ಎಂಬ ಅಂಕಿ ಇದ್ದದ್ದು ಅಲ್ಲೇ.

ಆ ಅಂಕಿಯನ್ನು ಹುಮ್ಮಸ್ಸಿನಲ್ಲಿ 12ಕ್ಕೆ ಏರಿಸಿದೆ. ಆಗ ಇಡೀ ಸಪ್ತಕ ಜಾರಬಹುದಿತ್ತು, ಆದರೆ ಜಾರು ಮೆಟ್ಟಿಲು ಮೆಟ್ಟಿಲಾಗಿ ಕೇಳುತ್ತಿತ್ತು. ಮಿಡಿ ನಿಯಮದಂತೆ ಪಿಚ್ ವೀಲಿಗೆ 16,384 ಹಂತಗಳಿವೆ, ನಡುವಿನ ಅಂಕಿ 8192. ಆದರೆ ಹೋಗುತ್ತಿರುವ ಸಂದೇಶಗಳನ್ನು ಪರದೆಯ ಮೇಲೆ ಸಾಲಾಗಿ ಬರುವಂತೆ ಮಾಡಿ ನೋಡಿದಾಗ, ನನ್ನ ಕೀಬೋರ್ಡು ಕಳಿಸುತ್ತಿದ್ದದ್ದು ಒಟ್ಟು 128 ಹಂತಗಳನ್ನು ಮಾತ್ರ, ಎಂದರೆ ಮೇಲ್ಮುಖವಾಗಿ ಸುಮಾರು 64. ಒಂದು ಮನೆಗೆ 100 ಸೆಂಟ್ ಎಂದು ಲೆಕ್ಕ ಹಿಡಿದರೆ, 12ರ ರೇಂಜಿನಲ್ಲಿ ಒಂದೊಂದು ಹಂತಕ್ಕೆ ಸುಮಾರು 19 ಸೆಂಟ್ ಹಾರಿಕೆ. ಅದು ಕಿವಿಗೆ ತಪ್ಪದೆ ಬೀಳುತ್ತದೆ. 3ಕ್ಕೆ ಇಳಿಸಿದರೆ ಹಂತಕ್ಕೆ ಐದು ಸೆಂಟಿಗೂ ಕಡಿಮೆ, ಜಾರು ನುಣುಪಾಗುತ್ತದೆ. ಭೂಪದ ಎರಡು ಮುಖ್ಯ ಮೀಂಡ್‌ಗಳಾದ ಪ–ಗ ಮತ್ತು ತಾರ ಸಾ–ಧ, ಎರಡೂ ಮೂರು ಮನೆಗಳ ಅಂತರದವೇ ಆದ್ದರಿಂದ, 3 ಎಂಬ ಅಂಕಿಯಲ್ಲಿ ಚಕ್ರದ ತುದಿಯೇ ಸ್ವರದ ನೆಲೆಯಾಗುತ್ತದೆ. ಅಳತೆ ತಪ್ಪುವ ಭಯವೇ ಇಲ್ಲ.

ಆದರೂ ಒಂದು ಸೂಕ್ಷ್ಮ ಉಳಿದಿತ್ತು. ತಾರ ಸಾ ಒತ್ತಿ, ಚಕ್ರವನ್ನು ಪೂರ್ತಿ ಕೆಳಗೆಳೆದು ಧೈವತಕ್ಕೆ ಬಂದೆ ಎನ್ನೋಣ. ಈಗ ಮುಂದಿನ ಪಂಚಮವನ್ನು ಒತ್ತಬೇಕಾದರೆ ಅದೇ ಕ್ಷಣದಲ್ಲಿ ಚಕ್ರ ನಡುವಿಗೆ ಮರಳಿರಬೇಕು. ಒಂದಿಷ್ಟು ಹಿಂದುಮುಂದಾದರೂ ಪಂಚಮದ ಮೊದಲು ಒಂದು ಅಪಸ್ವರ ಚಿಮ್ಮುತ್ತದೆ. ಇದಕ್ಕೆ ನಾನು ಕಂಡುಕೊಂಡ ದಾರಿ ತಿರುಗುಮುರುಗಾದದ್ದು. ಮೊದಲೇ ಚಕ್ರವನ್ನು ಮೇಲ್ತುದಿಗೆ ತಳ್ಳಿ ಹಿಡಿದು, ಧೈವತದ ಮನೆಯನ್ನು ಒತ್ತುತ್ತೇನೆ. ಆಗ ಕೇಳಿಸುವುದು ತಾರ ಷಡ್ಜ. ನಂತರ ಚಕ್ರವನ್ನು ಮೆಲ್ಲಗೆ ಬಿಡುತ್ತ ಬಂದರೆ ದನಿ ಜಾರಿ ತನ್ನ ಧೈವತದಲ್ಲೇ ನೆಲೆಸುತ್ತದೆ, ಮತ್ತು ಎಡಗೈ ಮುಂದಿನ ಸ್ವರಕ್ಕೆ ಬಿಡುವಾಗಿರುತ್ತದೆ. ಇಲ್ಲಿ ಎರಡು ಎಚ್ಚರಗಳು ಬೇಕು. ಚಕ್ರವನ್ನು ತಳ್ಳುವ ಮೊದಲು ಹಿಂದಿನ ಸ್ವರ ಪೂರ್ತಿ ನಿಂತಿರಬೇಕು, ಇಲ್ಲವಾದರೆ ಅದರ ಬಾಲವೂ ಮೇಲಕ್ಕೆ ಬಾಗುತ್ತದೆ. ಕೊಳಲಿಗೆ ಹೇಗೂ ಉಸಿರಿನ ಬಿಡುವು ಇರುವುದರಿಂದ ಅದು ಸಹಜವಾಗಿಯೇ ಒದಗುತ್ತದೆ. ಎರಡನೆಯದಾಗಿ, ಸ್ಪ್ರಿಂಗಿಗೆ ಚಕ್ರವನ್ನು ಒಪ್ಪಿಸಬಾರದು. ಹೆಬ್ಬೆರಳು ಕೊನೆಯವರೆಗೂ ಅದರ ಜೊತೆಯಲ್ಲಿ ಇಳಿಯಬೇಕು, ಇಲ್ಲದಿದ್ದರೆ ಮೀಂಡ್ ಹೋಗಿ ಜರ್ಕ್ ಆಗುತ್ತದೆ.

ಪಿಚ್ ವೀಲಿನ ಸಂದೇಶ ತಾನು ಹೋಗುವ ಚಾನೆಲ್ಲಿನ (ಸಂದೇಶಗಳ ದಾರಿಯ) ಎಲ್ಲ ಸ್ವರಗಳನ್ನೂ ಒಟ್ಟಿಗೆ ಬಾಗಿಸುತ್ತದೆ ಎಂಬುದನ್ನೂ ನಾನು ಪೆಟ್ಟು ತಿಂದೇ ಕಲಿತೆ. ತಂಬೂರಿಯನ್ನು ಅದೇ ಚಾನೆಲ್ಲಿನಲ್ಲಿ ಇಟ್ಟುಕೊಂಡಿದ್ದರಿಂದ ಮೀಂಡ್ ಜೊತೆಗೆ ಶ್ರುತಿಯೂ ಜಾರಿತು! ಒಂದೊಂದು ಸ್ವರಕ್ಕೂ ಒಂದೊಂದು ಚಾನೆಲ್ ಕೊಡುವ ಎಂಪಿಇ ಪದ್ಧತಿಗೆ 2018ರಲ್ಲಿ ಅಧಿಕೃತ ಒಪ್ಪಿಗೆ ಸಿಕ್ಕಿದೆ, ಆದರೆ ಅದಕ್ಕೆ ಬೇರೆಯೇ ಕೀಬೋರ್ಡು ಬೇಕು. ಒಂಟಿ ಕೊಳಲಿಗೆ ಅದರ ಅಗತ್ಯ ನನಗೆ ಬಿದ್ದಿಲ್ಲ. ಇನ್ನೊಮ್ಮೆ, ಚಕ್ರ ಕೆಳಗಿರುವಾಗಲೇ ರೆಕಾರ್ಡಿಂಗ್ ನಿಲ್ಲಿಸಿಬಿಟ್ಟಿದ್ದೆ. ಮರುದಿನ ಹಾಡಲು ಬಂದ ಹುಡುಗಿ ಟ್ರ್ಯಾಕ್ ಕೇಳುತ್ತಿದ್ದಂತೆ, “ಸರ್, ಕೊಳಲಿನ ಎಲ್ಲಾ ಸ್ವರ ಇಳಿದಂಗ ಕೇಳಾಕತ್ತಾವಲ್ರೀ” ಎಂದಳು. ಅವಳ ಕಿವಿ ಸರಿಯಾಗಿಯೇ ಇತ್ತು. ಅಂದಿನಿಂದ ಪ್ರತಿ ಟ್ರ್ಯಾಕಿನ ಆರಂಭದಲ್ಲಿ ಚಕ್ರದ ನಡು ಅಂಕಿಯನ್ನು ಒಂದು ಸಂದೇಶವಾಗಿ ಬರೆದಿಡುತ್ತೇನೆ.

ಉಳಿದ ಗುಂಡಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಂಟು ನಾಬ್‌ಗಳಲ್ಲಿ ನಾಲ್ಕನ್ನು ಮಾತ್ರ ಬಳಸುತ್ತೇನೆ, ಅವುಗಳ ಕೆಳಗೆ ಬಿಳಿ ಟೇಪ್ ಅಂಟಿಸಿ ಕಂಪನ, ಗುಂಗು, ಹೊಳಪು, ಉಸಿರು ಎಂದು ಪೆನ್ನಿನಲ್ಲಿ ಬರೆದಿದ್ದೇನೆ. ನಾಬ್ ಒಂದು ಕಡೆ, ಪರದೆಯ ಅಂಕಿ ಇನ್ನೊಂದು ಕಡೆ ಇದ್ದರೆ ಮುಟ್ಟಿದೊಡನೆ ದನಿ ಥಟ್ಟನೆ ಹಾರುತ್ತದೆ. ಪಿಕಪ್ ಎಂಬ ಆಯ್ಕೆಯನ್ನು ಹಾಕಿದರೆ ನಾಬ್ ಆ ಅಂಕಿಯನ್ನು ದಾಟುವವರೆಗೆ ಏನೂ ಬದಲಾಗುವುದಿಲ್ಲ. ಬೆರಳಿನಿಂದ ತಟ್ಟುವ ಪ್ಯಾಡ್‌ಗಳನ್ನು ತಬಲಾಕ್ಕೆ ಬಳಸಲಿಲ್ಲ, ತಬಲಾಕ್ಕೆ ತಬಲಾದವರೇ ಬೇಕೆಂಬುದು ನನ್ನ ಹಟ. ಆದರೆ ಕೊಳಲಿನ ಊದುವ ಬಗೆಗಳನ್ನು ಬದಲಿಸುವ ಕೀಲಿಗಳು ತೀರಾ ಕೆಳಗಿನ ಸಪ್ತಕದಲ್ಲಿದ್ದು, ಪ್ರತಿ ಬಾರಿಯೂ ಆಕ್ಟೇವ್ ಬಟನ್ ಒತ್ತಬೇಕಾಗುತ್ತಿತ್ತು. ಆ ಕೀಲಿಗಳ ಸಂಖ್ಯೆಗಳನ್ನು ಪ್ಯಾಡ್‌ಗಳಿಗೆ ಕೊಟ್ಟ ಮೇಲೆ ಬಲಗೈ ತನ್ನ ಜಾಗ ಬಿಟ್ಟು ಕದಲುವುದಿಲ್ಲ.

ಪಂಚಮದಿಂದ ತಾರ ಷಡ್ಜಕ್ಕೆ ಐದು ಮನೆಗಳ ಅಂತರವಿರುವುದರಿಂದ 3ರ ರೇಂಜು ಅದಕ್ಕೆ ಸಾಲದು. ಅಂಥ ಜಾರು ಬರುವ ಸಾಲಿಗೆಂದೇ ಅದೇ ಕೊಳಲಿನ ಇನ್ನೊಂದು ಪ್ರತಿಯನ್ನು ಬೇರೆ ಟ್ರ್ಯಾಕಿನಲ್ಲಿ 5ಕ್ಕೆ ಹೊಂದಿಸಿ ಇಟ್ಟುಕೊಂಡಿದ್ದೇನೆ, ಮತ್ತು ಆ ಸಾಲನ್ನು ಪ್ರತ್ಯೇಕವಾಗಿ ನುಡಿಸಿ ಕೂಡಿಸುತ್ತೇನೆ.