ಜರ್ಮನಿಯಲ್ಲಿ ಸಿವಿಲ್ ಎಂಜಿನಿಯರ್ ಕೆಲಸ ಹುಡುಕಿದ ಬಗೆ: ನನ್ನ ಅನುಭವ

ದಾವಣಗೆರೆಯಿಂದ, ಬೆಂಗಳೂರಿನಿಂದ ಆಗಾಗ ಮೆಸೇಜ್ ಬರುತ್ತದೆ: "ಅಕ್ಕಾ, ನಮ್ಮೆಜಮಾನ್ರಿಗೆ ಜರ್ಮನಿಯಲ್ಲಿ ಕೆಲಸ ಸಿಕ್ಕಿದೆ, ನಾನೂ ಬರ್ತಿದ್ದೀನಿ. ಸಿವಿಲ್ ಓದಿದವರಿಗೆ ಅಲ್ಲಿ ಏನಾದ್ರೂ ಗತಿ ಇದೆಯಾ?"

ಇದೆ. ಆದರೆ ಸಾಫ್ಟ್‌ವೇರ್‌ನವರಿಗೆ ಇರುವಷ್ಟು ಸಲೀಸಲ್ಲ. ಅವರ ಕೆಲಸ ಎಷ್ಟೋ ಕಡೆ ಇಂಗ್ಲಿಷಿನಲ್ಲೇ ನಡೆದುಹೋಗುತ್ತದೆ. ನಮ್ಮದು ಕೊನೆಗೆ ಸೈಟಿನ ಮೇಸ್ತ್ರಿಯ ಮುಂದೆ ಹೋಗಿ ನಿಲ್ಲಲೇಬೇಕು, ಅವನಿಗೆ ಇಂಗ್ಲಿಷ್ ಬೇಕಾಗಿಲ್ಲ. ನಾನು ವಿಟಿಯು ಬಿ.ಇ. ಬೆಂಗಳೂರಿನ ಒಂದು ಸ್ಟ್ರಕ್ಚರಲ್ ಡಿಸೈನ್ ಆಫೀಸಿನಲ್ಲಿ ಕೆಲವು ವರ್ಷ ಕೆಲಸ ಮಾಡಿ, ಗಂಡನ ಹಿಂದೆ ದಕ್ಷಿಣ ಜರ್ಮನಿಯ ಟ್ಯೂಬಿಂಗನ್‌ಗೆ ಬಂದವಳು. ಈಗ ಇಲ್ಲಿಂದ ರೈಲಿನಲ್ಲಿ ಹೋಗಿಬರುವಷ್ಟು ದೂರದ ಸಣ್ಣ ಊರಿನ ಎಂಜಿನಿಯರಿಂಗ್ ಆಫೀಸಿನಲ್ಲಿ ಇದ್ದೇನೆ. ನಾನು ಮಾಡಿದ್ದನ್ನು ಮಾಡಿದ ಹಾಗೆ ಬರೆಯುತ್ತೇನೆ.

ಮೊದಲು ಕಾಗದಪತ್ರ, ಇದನ್ನು ಬೇಗ ಮುಗಿಸೋಣ. ಬ್ಲೂ ಕಾರ್ಡ್, ಅಂದರೆ ಪದವಿ ಓದಿ ಕೆಲಸಕ್ಕೆ ಬರುವವರಿಗೆ ಕೊಡುವ ಪರವಾನಗಿ, ಅದು ಇರುವವರ ಹೆಂಡತಿಗೋ ಗಂಡನಿಗೋ ವೀಸಾಕ್ಕೆ ಮುಂಚೆ ಜರ್ಮನ್ ಪರೀಕ್ಷೆ ಪಾಸಾಗಿರಬೇಕು ಎಂಬ ನಿಯಮವಿಲ್ಲ. ನಾನು "ಗೂಟನ್ ಟಾಗ್" ಒಂದನ್ನೇ ಕಲಿತು ವಿಮಾನ ಹತ್ತಿದೆ. ಇಲ್ಲಿನ ರೆಸಿಡೆನ್ಸ್ ಕಾರ್ಡಿನಲ್ಲಿ ಯಾವ ಕೆಲಸ ಬೇಕಾದರೂ ಮಾಡಬಹುದು ಎಂದು ಒಂದು ಸಾಲು ಅಚ್ಚಾಗಿರುತ್ತದೆ. ಆ ಸಾಲಿನ ಬೆಲೆ ನಮಗೆ ಗೊತ್ತಿರುವುದಿಲ್ಲ. ಸಣ್ಣ ಆಫೀಸಿನವರು ಭಾರತದ ಹೆಸರು ನೋಡಿದ ಕೂಡಲೇ "ವೀಸಾ ರಗಳೆ ಯಾರಿಗೆ ಬೇಕು" ಅಂದುಕೊಳ್ಳುತ್ತಾರೆ. ಹಾಗಾಗಿ ಲೇಬನ್ಸ್‌ಲಾಫ್, ಅಂದರೆ ನಮ್ಮ ರೆಸ್ಯೂಮೆ, ಅದರ ಮೊದಲ ಪುಟದಲ್ಲಿ ವಿಳಾಸದ ಕೆಳಗೇ "ಕೆಲಸಕ್ಕೆ ಪೂರ್ಣ ಅನುಮತಿ ಇದೆ" ಎಂದು ಹಾಕಿದೆ.

ಡಿಗ್ರಿಯ ವಿಷಯ. ಅನಾಬಿನ್ ಎಂಬ ಸರ್ಕಾರಿ ಡೇಟಾಬೇಸಿನಲ್ಲಿ ನಿಮ್ಮ ವಿಶ್ವವಿದ್ಯಾಲಯದ ಮುಂದೆ ಎಚ್-ಪ್ಲಸ್, ಅಂದರೆ ಮಾನ್ಯತೆಯ ಗುರುತು, ಇದೆಯೇ ಎಂದು ದುಡ್ಡಿಲ್ಲದೆ ನೋಡಬಹುದು. ಅದಲ್ಲದೆ ಹೊರದೇಶದ ಪದವಿಗಳನ್ನು ತೂಗಿ ನೋಡುವ ಬಾನ್‌ನಲ್ಲಿರುವ ಕೇಂದ್ರ ಕಚೇರಿಗೆ 200 ಯೂರೋಗೆ ಸ್ವಲ್ಪ ಮೇಲೆ ಕಟ್ಟಿ, ನಮ್ಮ ಬಿ.ಇ. ಇಲ್ಲಿನ ಯಾವ ಪದವಿಗೆ ಸಮ ಎಂಬ ಪತ್ರ ತರಿಸಿಕೊಂಡೆ. ನಿಜ ಹೇಳಬೇಕೆಂದರೆ, ಸಂದರ್ಶನದಲ್ಲಿ ಯಾರೂ ಅದನ್ನು ತೆರೆದು ನೋಡಲಿಲ್ಲ. ಆದರೂ ತರಿಸಿ, ಮುಂದೆ ಎಂಜಿನಿಯರ್ ಎಂದು ಹೆಸರಿನ ಜೊತೆ ಬರೆದುಕೊಳ್ಳಲು ದಾಖಲೆ ಬೇಕೇ ಬೇಕು. ಇಲ್ಲಿ ಆ ಪದವಿನಾಮಕ್ಕೆ ಕಾನೂನಿನ ರಕ್ಷಣೆ ಇದೆ, ನಮ್ಮಲ್ಲಿನ ಹಾಗೆ ಗೇಟಿನ ಮೇಲೆ ಬೋರ್ಡು ಹಾಕಿಕೊಂಡರೆ ಆಗಲಿಲ್ಲ. ಬೇರೆಯವರ ಕೈಕೆಳಗೆ ಡಿಸೈನ್ ಮಾಡುವುದಕ್ಕೆ ಮಾತ್ರ ಅದು ಅಡ್ಡ ಬರುವುದಿಲ್ಲ.

ಭಾಷೆಗೆ ಇಂಟಿಗ್ರೇಷನ್ ಕೋರ್ಸ್ ಸೇರಿದೆ. 600 ಪಾಠ ಭಾಷೆ, 100 ಪಾಠ ಇಲ್ಲಿನ ಕಾನೂನು, ಚರಿತ್ರೆ. ಮುಗಿಸಿದರೆ ಬಿ1 ಮಟ್ಟ, ಅಂದರೆ ದಿನನಿತ್ಯದ ಮಾತಿಗೆ ಸಾಲುವಷ್ಟು; ಅದರ ಮೇಲೆ ಬಿ2, ಸಿ1. ಅಷ್ಟಕ್ಕೇ ಅರ್ಜಿ ಹಾಕಲು ಶುರು ಮಾಡಿದೆ, ಬಿ2 ತರಗತಿ ಪಕ್ಕದಲ್ಲಿ ನಡೆಯುತ್ತಿತ್ತು. "ಬಿ2 ಆಗಲಿ, ಸಿ1 ಆಗಲಿ, ಆಮೇಲೆ ನೋಡೋಣ" ಎಂದು ವರ್ಷಗಟ್ಟಲೆ ತರಗತಿಯಲ್ಲೇ ಕೂತವರನ್ನು ಕಂಡಿದ್ದೇನೆ. ಅದು ಸರಿಯಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಬೀಮು, ಕಾಲಮ್ಮು, ಕಬ್ಬಿಣದ ಹೆಸರುಗಳು ಯಾವ ಭಾಷಾ ತರಗತಿಯಲ್ಲೂ ಬರುವುದಿಲ್ಲ. ಅವನ್ನು ನಾನು ಕಲಿತದ್ದು ಇಲ್ಲಿನ ಸೆಂಟ್ರಿಂಗ್ ಡ್ರಾಯಿಂಗುಗಳನ್ನೂ ಕಬ್ಬಿಣದ ಡ್ರಾಯಿಂಗುಗಳನ್ನೂ ಮುಂದಿಟ್ಟುಕೊಂಡು. ಬಾರ್ ಬೆಂಡಿಂಗ್ ಶೆಡ್ಯೂಲ್ ಬರೆದು ಕೈ ಪಳಗಿದವರಿಗೆ ಇಲ್ಲಿನ ಕಬ್ಬಿಣದ ಪಟ್ಟಿ ಓದಲು ನಿಘಂಟು ಬೇಕಾಗುವುದಿಲ್ಲ, ಆಕಾರ ನೋಡಿದರೇ ತಿಳಿಯುತ್ತದೆ.

ನಿಘಂಟು ಎಂದಾಗ ನೆನಪಾಯಿತು. ಫರ್ಡಿನೆಂಡ್ ಕಿಟೆಲ್ 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟು ಹೊರತಂದ ಮೇಲೆ 1903ರಲ್ಲಿ ತೀರಿಕೊಂಡದ್ದು ಇದೇ ಟ್ಯೂಬಿಂಗನ್‌ನಲ್ಲಿ. ನಿಮ್ಮ ಮಾತೃಭಾಷೆ ಯಾವುದು ಎಂದು ಇಲ್ಲಿ ಯಾರಾದರೂ ಕೇಳಿದರೆ ನಾನು ಕಿಟೆಲ್ ಕಥೆ ಹೇಳುತ್ತೇನೆ. ಸಂದರ್ಶನದಲ್ಲೂ ಹೇಳಿದೆ. ಕೇಳಿದವರ ಮುಖ ಅರಳುತ್ತದೆ, ನನಗೂ ಜರ್ಮನ್‌ನಲ್ಲಿ ಒಂದು ವಿಷಯವನ್ನಾದರೂ ತಡವರಿಸದೆ ಹೇಳಿದ ಧೈರ್ಯ.

ಇನ್ನು ಹುಡುಕಾಟ. ದೊಡ್ಡ ಜಾಬ್ ಪೋರ್ಟಲುಗಳಲ್ಲಿ ಹಾಕಿದ ಅರ್ಜಿಗಳಿಗೆ ನಯವಾದ ನಿರಾಕರಣೆ ಬಂತು, ಇಲ್ಲವೇ ಏನೂ ಬರಲಿಲ್ಲ. ಇಲ್ಲಿ ಸ್ಟ್ರಕ್ಚರಲ್ ಆಫೀಸುಗಳೆಂದರೆ ಬಹಳಷ್ಟು ಐದಾರು ಜನರ, ಹತ್ತು ಜನರ ಆಫೀಸುಗಳು. ಅವರು ದುಡ್ಡು ಕೊಟ್ಟು ಜಾಹೀರಾತು ಹಾಕುವುದು ಕಡಿಮೆ. ಅವರನ್ನು ಹುಡುಕಲು ನನಗೆ ಸಿಕ್ಕ ದಾರಿ ರಸ್ತೆಬದಿಯ ಬೋರ್ಡುಗಳು. ಕಟ್ಟಡ ಏಳುತ್ತಿರುವ ಸೈಟಿನ ಮುಂದೆ ದೊಡ್ಡ ಹಲಗೆ ನಿಲ್ಲಿಸಿರುತ್ತಾರೆ. ಮಾಲೀಕರು ಯಾರು, ವಾಸ್ತುಶಿಲ್ಪಿ ಯಾರು, ಸ್ಟ್ರಕ್ಚರಲ್ ಡಿಸೈನ್ ಯಾರದು ಎಂದು ಅದರಲ್ಲಿ ಬರೆದಿರುತ್ತದೆ. ಮಗುವನ್ನು ಸ್ಟ್ರಾಲರಿನಲ್ಲಿ ತಳ್ಳಿಕೊಂಡು ಹೋಗುವಾಗ, ರೈಲಿನಲ್ಲಿ ಹೆಖಿಂಗನ್, ಬಾಲಿಂಗನ್ ಕಡೆ ತಿರುಗುವಾಗ ಆ ಬೋರ್ಡುಗಳ ಫೋಟೋ ತೆಗೆಯುತ್ತಾ ಹೋದೆ. ಒಂದೇ ಹೆಸರು ಮತ್ತೆ ಮತ್ತೆ ಕಂಡರೆ ಆ ಆಫೀಸಿನ ಕೈತುಂಬ ಕೆಲಸ ಇದೆ ಎಂದು ಅರ್ಥ. ಕೈತುಂಬ ಕೆಲಸ ಇದ್ದವರಿಗೇ ಅಲ್ಲವೇ ಜನ ಬೇಕಾಗುವುದು. ಯಾವ ಕಟ್ಟಡದ ಬೋರ್ಡು ನೋಡಿ ಬರೆಯುತ್ತಿದ್ದೇನೆ ಎಂಬುದನ್ನೇ ಅರ್ಜಿಯ ಮೊದಲ ವಾಕ್ಯ ಮಾಡಿದೆ.

ಅರ್ಜಿಯ ಜೊತೆ ಇಟ್ಟದ್ದರಲ್ಲಿ ಕೆಲಸಕ್ಕೆ ಬಂದದ್ದು ಪ್ರಾಜೆಕ್ಟ್ ಹಾಳೆಗಳು. ಬೆಂಗಳೂರಿನ ಹಳೆಯ ಆಫೀಸಿನವರ ಒಪ್ಪಿಗೆ ಪಡೆದು, ಗ್ರಾಹಕರ ಹೆಸರು ಅಳಿಸಿ, ಒಂದು ಕಟ್ಟಡಕ್ಕೆ ಒಂದು ಪುಟ: ಎಷ್ಟು ಅಂತಸ್ತು, ಮಣ್ಣು ಎಂಥದು, ಯಾವ ಬಗೆಯ ಫ್ರೇಮು, ನಾನು ಮಾಡಿದ್ದು ಯಾವ ಭಾಗ, ಒಂದು ಡ್ರಾಯಿಂಗು. ನಮ್ಮ ಎಕ್ಸ್‌ಪೀರಿಯೆನ್ಸ್ ಲೆಟರು "ಇಂಥವರು ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ ನಮ್ಮಲ್ಲಿದ್ದರು, ಒಳ್ಳೆಯದಾಗಲಿ" ಎಂದು ಮೂರು ಸಾಲಿಗೆ ಮುಗಿಯುತ್ತದೆ. ಇಲ್ಲಿಯವರಿಗೆ ಮಾಡಿದ ಕೆಲಸದ ವಿವರ, ಮಾಡಿದ ರೀತಿಯ ಬಗ್ಗೆ ಅಭಿಪ್ರಾಯ, ಎಲ್ಲ ಸೇರಿ ಪುಟ ತುಂಬಬೇಕು. ಹಳೆಯ ಬಾಸ್‌ಗೆ ಕರಡು ಬರೆದು ಕಳಿಸಿದೆ, ಅವರು ತಿದ್ದಿ ಸಹಿ ಹಾಕಿ ಕೊಟ್ಟರು. ದೇಶ ಬಿಡುವ ಮುಂಚೆಯೇ ಇದನ್ನು ಮಾಡಿಸಿಕೊಳ್ಳಿ.

ಆ ಹಾಳೆಗಳಲ್ಲಿ ಎರಡು, ದೆಹಲಿ ಹತ್ತಿರದ ಅಪಾರ್ಟ್‌ಮೆಂಟುಗಳವು. ನಾನು ಅಲ್ಲಿದ್ದಾಗಿನ ನಕ್ಷೆಯಲ್ಲಿ ಬೆಂಗಳೂರು ಭೂಕಂಪದ ಎರಡನೇ ವಲಯ, ದೆಹಲಿ ನಾಲ್ಕನೆಯದು; ಅಂಕಿ ಏರಿದಷ್ಟೂ ಅಪಾಯ ಹೆಚ್ಚು. ದೆಹಲಿಯಲ್ಲಿ ಐಎಸ್ 13920, ಅಂದರೆ ಭೂಕಂಪಕ್ಕೆ ತಡೆಯುವ ಕಾಂಕ್ರೀಟಿನ ನಮ್ಮ ದೇಶದ ನಿಯಮಪುಸ್ತಕದ ಪ್ರಕಾರ ಕಾಲಮಿನ ರಿಂಗುಗಳನ್ನು ತುದಿಗಳಲ್ಲಿ ಒತ್ತೊತ್ತಾಗಿ ಕೊಡಬೇಕು, ಅದರ ಕೊಂಡಿ 135 ಡಿಗ್ರಿ ಬಾಗಿ ಒಳಗಿನ ಕಾಂಕ್ರೀಟಿಗೆ ಇಳಿಯಬೇಕು. ನಮಗೆ ಇದು ದಿನನಿತ್ಯದ ಮಾತು. ಜರ್ಮನಿಯ ಹೆಚ್ಚಿನ ಭಾಗದಲ್ಲಿ ಭೂಕಂಪದ ಲೆಕ್ಕವನ್ನೇ ಯಾರೂ ಮಾಡುವುದಿಲ್ಲ. ಆದರೆ ಟ್ಯೂಬಿಂಗನ್‌ನಿಂದ ದಕ್ಷಿಣಕ್ಕೆ ಹೋದರೆ ಸಿಗುವ ಆಲ್ಬ್‌ಸ್ಟಾಟ್ ಸುತ್ತಮುತ್ತ ಹಾಗಲ್ಲ. 1978ರ ಸೆಪ್ಟೆಂಬರ್ 3ರಂದು ಅಲ್ಲಿ ಭೂಮಿ ಅಲುಗಿ ಸಾವಿರಾರು ಮನೆಗಳಿಗೆ ಪೆಟ್ಟಾಗಿತ್ತು, ಬೆಟ್ಟದ ಮೇಲಿನ ಹೊಹೆನ್‌ಜೊಲರ್ನ್ ಕೋಟೆಗೂ. ಇದನ್ನು ಓದಿ ತಿಳಿದ ಮೇಲೆ ನನ್ನ ಅರ್ಜಿಗಳೆಲ್ಲ ಆ ರೈಲುಮಾರ್ಗದ ಊರುಗಳ ಕಡೆಗೇ ಹೋದವು. ದೆಹಲಿಯ ಹಾಳೆ ಮೇಲೆ ಬಂತು.

ಒಂದು ಆಫೀಸಿನಿಂದ ಕರೆ ಬಂತು. ಸಂದರ್ಶನ ಅನ್ನುವುದಕ್ಕಿಂತ ಕಾಫಿ ಕುಡಿಯುತ್ತಾ ಡ್ರಾಯಿಂಗ್ ನೋಡಿದ್ದು ಅನ್ನಬೇಕು. ಅವರದೊಂದು ಶಾಲೆಯ ವಿಸ್ತರಣೆ ನಡೆಯುತ್ತಿತ್ತು. ಗೋಡೆಗಳು ಒಂದೇ ಪಕ್ಕಕ್ಕೆ ಗುಂಪಾಗಿದ್ದವು. ಭೂಕಂಪದಲ್ಲಿ ಇದು ತಿರುಚಿಕೊಳ್ಳುತ್ತದಲ್ಲ ಎಂದೆ, ನನ್ನ ಹರಕುಮುರುಕು ಜರ್ಮನ್‌ನಲ್ಲಿ ಅರ್ಧ, ಪೆನ್ಸಿಲ್ಲಿನಲ್ಲಿ ಅರ್ಧ. ಅಲ್ಲಿಂದ ಮಾತು ಸರಾಗವಾಯಿತು. ಹಿಮದ ಭಾರದ ಬಗ್ಗೆ ಕೇಳಿದಾಗ ಮಾತ್ರ "ದಾವಣಗೆರೆಯಲ್ಲಿ ಹಿಮ ಬೀಳಲ್ಲ, ಕಲಿಯುತ್ತೇನೆ" ಎಂದೆ. ನಕ್ಕರು.

ಇಷ್ಟಾದರೂ ಅವರಿಗೆ ಅನುಮಾನ ಇತ್ತು, ಇರಬೇಕಾದದ್ದೇ. ಭಾಷೆ ಅಷ್ಟಕ್ಕಷ್ಟೆ, ಸಾಫ್ಟ್‌ವೇರ್ ಬೇರೆ. ನಾನು ಈಟ್ಯಾಬ್ಸ್‌ನವಳು, ಅವರು ಆರ್‌ಫೆಮ್, ಆಲ್‌ಪ್ಲಾನ್‌ನವರು. ಆಗ ನಾನೇ ಒಂದು ದಾರಿ ಹೇಳಿದೆ. ಉದ್ಯೋಗ ಕಚೇರಿಯಲ್ಲಿ ಕೆಲಸ ಹುಡುಕುತ್ತಿರುವವಳು ಎಂದು ಹೆಸರು ಬರೆಸಿದ್ದೆ; ಭತ್ಯೆ ಸಿಗದಿದ್ದರೂ ಬರೆಸಬಹುದು. ಹಾಗೆ ಬರೆಸಿದವರು ಆ ಕಚೇರಿಯ ಒಪ್ಪಿಗೆಯಿಂದ ಸಾಮಾನ್ಯವಾಗಿ ಆರು ವಾರಗಳವರೆಗೆ ಒಂದು ಆಫೀಸಿನಲ್ಲಿ ಪ್ರಾಯೋಗಿಕವಾಗಿ ಕೆಲಸ ಮಾಡುವ ಒಂದು ಯೋಜನೆ ಇದೆ. ಆಫೀಸಿನವರು ಸಂಬಳ ಕೊಡಬೇಕಿಲ್ಲ, ನಮ್ಮನ್ನು ಅಳೆದು ನೋಡಲು ಅವರಿಗೆ ಸಮಯ ಸಿಗುತ್ತದೆ. ಸಣ್ಣ ಆಫೀಸಿನ ಮಾಲೀಕರಿಗೆ ಇದು ಗೊತ್ತೇ ಇರಲಿಲ್ಲ. ಒಂದು ಎಚ್ಚರಿಕೆ: ಮೊದಲು ಒಪ್ಪಿಗೆ, ಆಮೇಲೆ ಕೆಲಸಕ್ಕೆ ಕಾಲಿಡುವುದು. ಹಾಗಲ್ಲದೆ "ಸುಮ್ಮನೆ ಎರಡು ತಿಂಗಳು ಬಂದು ಮಾಡಿ ನೋಡೋಣ" ಎಂದು ಯಾರಾದರೂ ಅಂದರೆ ಒಪ್ಪಬೇಡಿ. ಪುಕ್ಕಟೆ ದುಡಿಸಿಕೊಳ್ಳುವವರು ಎಲ್ಲ ದೇಶದಲ್ಲೂ ಇದ್ದಾರೆ.

ಆ ವಾರಗಳಲ್ಲಿ ಕಷ್ಟವಾದದ್ದು ಲೆಕ್ಕ ಅಲ್ಲ. ಕಾಂಕ್ರೀಟ್ ಡಿಸೈನಿಗೆ ನಮ್ಮಲ್ಲಿರುವ ನಿಯಮಪುಸ್ತಕ ಐಎಸ್ 456 ಬಲ್ಲವರಿಗೆ ಇಲ್ಲಿನ ಯುರೋಕೋಡ್ 2 ಅನ್ಯಲೋಕವೇನಲ್ಲ. ನಮ್ಮ ಎಂ25 ಕಾಂಕ್ರೀಟಿನ 25 ಅಂದರೆ ಕ್ಯೂಬ್ ಒತ್ತಿ ಅಳೆದ ಬಲ. ಇವರು ಸಿಲಿಂಡರಿನದು, ಕ್ಯೂಬಿನದು ಎರಡನ್ನೂ ಬರೆಯುತ್ತಾರೆ, ಹಾಗಾಗಿ ನಮ್ಮ ಎಂ25 ಇಲ್ಲಿ ಸಿ20/25. ಸೂತ್ರಕ್ಕೆ ಹಾಕುವುದು ಮೊದಲನೆಯ ಅಂಕಿ. ಇಂಥ ಹತ್ತಿಪ್ಪತ್ತು ವಿಷಯಗಳ ಪಟ್ಟಿ ಮಾಡಿ ಮೇಜಿನ ಮುಂದೆ ಅಂಟಿಸಿಕೊಂಡಿದ್ದೆ. ಕಷ್ಟವಾದದ್ದು ಫೋನು. ಎದುರಿಗಿದ್ದರೆ ಕೈ ಬಾಯಿ ನೋಡಿ ಅರ್ಥಮಾಡಿಕೊಳ್ಳಬಹುದು. ಸೈಟಿನಿಂದ, ಕ್ರೇನಿನ ಸದ್ದಿನ ನಡುವೆ, ಶ್ವೇಬಿಷ್ ಆಡುಮಾತಿನಲ್ಲಿ ಮೇಸ್ತ್ರಿ ಮಾತಾಡಿದರೆ ಬಿ1 ಸರ್ಟಿಫಿಕೇಟ್ ಏನು ಮಾಡೀತು? "ಒಂದು ಫೋಟೋ ಕಳಿಸಿ, ಡ್ರಾಯಿಂಗಿನ ಯಾವ ನಂಬರು ಹೇಳಿ, ಹತ್ತು ನಿಮಿಷದಲ್ಲಿ ನಾನೇ ಫೋನ್ ಮಾಡುತ್ತೇನೆ" ಎಂಬ ವಾಕ್ಯವನ್ನು ಬಾಯಿಪಾಠ ಮಾಡಿಕೊಂಡೆ. ಹತ್ತು ನಿಮಿಷಕ್ಕೆ ಸರಿಯಾಗಿ ವಾಪಸ್ ಮಾಡುತ್ತಿದ್ದೆ. ಈ ಊರಿನ ಜನಕ್ಕೆ ವ್ಯಾಕರಣಕ್ಕಿಂತ ಅದು ಮುಖ್ಯ.

ಕೊನೆಯ ವಾರದಲ್ಲಿ ಕರಾರುಪತ್ರ ಕೊಟ್ಟರು, ಆರು ತಿಂಗಳು ಪ್ರೊಬೇಷನ್. ಸಂಬಳ ಎಷ್ಟು ಬೇಕು ಎಂದು ಕೇಳಿದರೆ ಇಲ್ಲಿ ವರ್ಷದ ಒಟ್ಟು ಮೊತ್ತ, ತೆರಿಗೆಗೆ ಮುಂಚಿನದು ಹೇಳಬೇಕು. ನಮ್ಮ ಹಾಗೆ "ಕೈಗೆ ಎಷ್ಟು" ಎಂದಲ್ಲ. ಗಂಡ ತಿಂಗಳ ಕಡಿತ ಕಡಿಮೆಯಿರುವ ಮೂರನೇ ತೆರಿಗೆ ವರ್ಗ, ಹೆಂಡತಿ ಕಡಿತ ಹೆಚ್ಚಿರುವ ಐದನೆಯದು ಎಂದು ಇಟ್ಟುಕೊಂಡ ಮನೆಗಳಲ್ಲಿ ಹೆಂಡತಿಯ ಮೊದಲ ಸಂಬಳದ ಚೀಟಿ ನೋಡಿದರೆ ಅಳು ಬರುತ್ತದೆ. ಗಾಬರಿ ಬೇಡ, ವರ್ಷದ ಕೊನೆಯ ಲೆಕ್ಕ ಇಬ್ಬರದೂ ಸೇರಿಸಿಯೇ ಆಗುತ್ತದೆ. ಬೇಕಾದರೆ ಇಬ್ಬರಿಗೂ ಒಂದೇ ಬಗೆಯ ಕಡಿತವಿರುವ ನಾಲ್ಕನೆಯದಕ್ಕೆ ಬದಲಾಯಿಸಿಕೊಳ್ಳಬಹುದು. ನಾವು ಬದಲಾಯಿಸಿಕೊಂಡೆವು. ದುಡಿದವಳ ಖಾತೆಗೆ ದುಡಿದಷ್ಟು ಕಾಣಲಿ ಎಂಬುದು ನನ್ನ ಹಟ.

ಈಗ ಲೆಕ್ಕ ನನ್ನದು, ಸಹಿ ಬಾಸ್‌ದು. ನಾನೇ ಸಹಿ ಹಾಕುವಂತಾಗಲು ನಾವಿರುವ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದ ಎಂಜಿನಿಯರುಗಳ ಚೇಂಬರಿನ ಬಾಗಿಲು ತಟ್ಟಬೇಕು. ಅದಕ್ಕೆ ಬೇಕಾದ ಅನುವಾದಗಳನ್ನು ಮಾಡಿಸುತ್ತಿದ್ದೇನೆ. ಎಂಟು ಸೆಮಿಸ್ಟರಿನ ಅಂಕಪಟ್ಟಿಗಳಿಗೆ ಅನುವಾದಕರು ಪುಟದ ಲೆಕ್ಕದಲ್ಲಿ ದುಡ್ಡು ಕೇಳುತ್ತಾರೆ, ಕೈಲಿ ಸ್ವಲ್ಪ ಕಾಸು ಇಟ್ಟುಕೊಂಡೇ ಬನ್ನಿ.